ಹೋರಿಗೆ ಮೂಗುದಾರವೋ, ರಿಂಗೋ, ಮುಖದ ಹಗ್ಗವೋ?

ಹೋರಿಗರು ಎರಡು ಹಲ್ಲು ಹಾಕುವ ಹೊತ್ತಿಗೆ, ಅಂದರೆ ಎರಡು ವರ್ಷದ ಆಸುಪಾಸಿಗೆ, ಊರಲ್ಲಿ ಮಾತು ಶುರುವಾಗುತ್ತದೆ. "ಇನ್ನೂ ಮೂಗು ಚುಚ್ಚಿಸಿಲ್ವಾ?" ಡೇರಿಗೆ ಹಾಲು ಹಾಕಲು ಹೋದರೆ ಅದೇ ಪ್ರಶ್ನೆ, ಸಂತೆಗೆ ಹೋದರೂ ಅದೇ ಪ್ರಶ್ನೆ. ಆಮೇಲೆ ಒಬ್ಬೊಬ್ಬರದು ಒಂದೊಂದು ಸಲಹೆ. ಒಬ್ಬರು ಹತ್ತಿ ಹಗ್ಗ ಅಂತಾರೆ, ಇನ್ನೊಬ್ಬರು ನೈಲಾನ್ ಅಂತಾರೆ. ಈಚೆಗೆ ಮೊಬೈಲಿನಲ್ಲಿ ಹೊರದೇಶದ ಗೂಳಿಗಳನ್ನು ನೋಡಿದ ಹುಡುಗರು "ಸ್ಟೀಲ್ ರಿಂಗ್ ಹಾಕ್ಸಣ್ಣ, ಗತ್ತಾಗಿರುತ್ತೆ" ಅಂತಾರೆ.

ನಾವು ಚನ್ನರಾಯಪಟ್ಟಣದ ಕಡೆಯವರು. ಮನೆಯಲ್ಲಿ ಹಳ್ಳಿಕಾರ್ ತಳಿಯ ಜೋಡಿ ಎತ್ತು (ನಾವು 'ಜೊತೆ' ಅನ್ನುವುದು) ತಪ್ಪಿದ್ದೇ ಇಲ್ಲ. ಅಕ್ಕನನ್ನು ಮೂಡಿಗೆರೆ ಕಡೆ ಕೊಟ್ಟಿದ್ದೇವೆ, ಅವರ ಕೊಟ್ಟಿಗೆ ತುಂಬ ಮಲೆನಾಡು ಗಿಡ್ಡ ಅನ್ನುವ ಕುಳ್ಳ ತಳಿ. ಅರಸೀಕೆರೆ ಹತ್ತಿರ ಚಿಕ್ಕಪ್ಪನ ಮನೆ, ಅಲ್ಲಿ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಹೊರದೇಶದ ಹಾಲಿನ ತಳಿ) ಹಸುಗಳ ಜೊತೆಗೆ ಒಂದು ಬೀಜದ ಹೋರಿಯೂ, ಅಂದರೆ ಹಸು ಗಬ್ಬ ಕಟ್ಟಿಸುವ ಹೋರಿಯೂ ಇದೆ. ಮೂರು ಮನೆ, ಮೂರು ತರದ ರಾಸು. ಮೂರಕ್ಕೂ ಒಂದೇ ಮದ್ದು ಅಲ್ಲ ಅನ್ನೋದನ್ನು ನಾನು ನೋಡಿಯೇ ಕಲಿತದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಕರುವಾದರೂ ಮುಖದ ಹಗ್ಗದಿಂದ ಶುರು ಮಾಡಿ. ಉಳುವ, ಗಾಡಿ ಎಳೆಯುವ ಜೊತೆಗೆ ಅದು ಸಾಲದೆ ಬಂದರೆ ಹತ್ತಿಯ ಮೂಗುದಾರ. ಲೋಹದ ರಿಂಗು ಬೇಕಾಗುವುದು ವರ್ಷಗಟ್ಟಲೆ ಇಟ್ಟುಕೊಳ್ಳುವ ಭಾರೀ ಬೀಜದ ಹೋರಿಗೆ ಮಾತ್ರ. ಗತ್ತಿಗೆ ಅಂತ ಯಾರೂ ಮೂಗು ಚುಚ್ಚಿಸಬೇಡಿ. ಅದು ಪ್ರಾಣಿಯ ಮೈಯಲ್ಲೇ ತುಂಬಾ ನೋವು ತಿಳಿಯುವ ಜಾಗ. ಆ ನೋವಿನ ಹೆದರಿಕೆಯೇ ಹೋರಿಯನ್ನು ಹಿಡಿದಿಡುವುದು, ಹಗ್ಗದ ಬಲ ಅಲ್ಲ.

ಮೊದಲು ಆ ಮೂಗನ್ನು ಮುಟ್ಟಿ ನೋಡಿ

ಪಳಗಿದ ಎತ್ತೊಂದರ ಹತ್ತಿರ ಹೋಗಿ. ಹೆಬ್ಬೆರಳನ್ನು ಒಂದು ಹೊಳ್ಳೆಯೊಳಗೆ, ತೋರುಬೆರಳನ್ನು ಇನ್ನೊಂದು ಹೊಳ್ಳೆಯೊಳಗೆ ಇಟ್ಟು ನಡುವಿನ ಗೋಡೆಯನ್ನು ಮೆಲ್ಲಗೆ ಹಿಡಿಯಿರಿ. ಒಳಗಡೆ ಗಟ್ಟಿಯಾದ, ಬಾಗದ ಮೆದುಮೂಳೆ ಸಿಗುತ್ತದೆ. ಬೆರಳನ್ನು ಸ್ವಲ್ಪ ಮುಂದಕ್ಕೆ ಜಾರಿಸಿದರೆ ಆ ಗಟ್ಟಿ ಅಂಚು ಮುಗಿದು, ಮೆತ್ತಗಿನ ಚರ್ಮದ ಜಾಗ ಬರುತ್ತದೆ. ಬೆರಳೆರಡೂ ಒಂದಕ್ಕೊಂದು ಹತ್ತಿರವಾದ ಹಾಗೆ ಅನಿಸುತ್ತದೆ. ಇನ್ನೂ ಮುಂದೆ ಬಂದರೆ ತೇವವಾದ ಮೂತಿಯ ತುದಿ. ಮೂಗುದಾರವಾಗಲಿ ರಿಂಗಾಗಲಿ, ತೂತು ಬರಬೇಕಾದ್ದು ಆ ಮೆತ್ತಗಿನ ಜಾಗದಲ್ಲಿ, ಗಟ್ಟಿ ಅಂಚಿಗೆ ಸ್ವಲ್ಪ ಮುಂದೆ.

ಹಿಂದೆ ಹೋಗಿ ಮೆದುಮೂಳೆಗೆ ಚುಚ್ಚಿದರೆ ನೋವು ಜಾಸ್ತಿ, ಗಾಯ ಬೇಗ ಮಾಯುವುದಿಲ್ಲ, ಕೀವು ಕಟ್ಟುತ್ತದೆ. ತೀರಾ ಮುಂದೆ ಚುಚ್ಚಿದರೆ ಒಂದು ದಿನ ಜಗ್ಗಿದಾಗ ಸೀಳಿಕೊಂಡು ಈಚೆ ಬರುತ್ತದೆ. ಸೀಳಿದ ಮೂಗನ್ನು ಹೊಲಿದರೂ ಮೊದಲಿನ ಗಟ್ಟಿತನ ಬರುವುದು ಕಷ್ಟ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೂಕನಬೆಟ್ಟದ ಜಾತ್ರೆಯಿಂದ ತಂದ ಹೋರಿಯನ್ನು ಒಂದು ಸಂಜೆ ಹುಣಸೆಮರಕ್ಕೆ ಕಟ್ಟಿದ್ದೆ. ಕೊರಳ ಕಣ್ಣಿ ಸಡಿಲ ಇತ್ತು. ಬಿಗಿಯಾಗಿದ್ದದ್ದು ಮೂಗುದಾರಕ್ಕೆ ಸೇರಿಸಿದ ಹಗ್ಗ. ಬೀದಿಯಲ್ಲಿ ಮದುವೆ ಮೆರವಣಿಗೆ ಬಂತು, ಪಟಾಕಿ ಸಿಡಿಯಿತು. ಹೋರಿ ಒಂದೇ ಸಲ ಹಿಂದಕ್ಕೆ ಎಗರಿತು. ನಾನು ಓಡಿ ಹೋಗುವ ಹೊತ್ತಿಗೆ ಹಗ್ಗ ಮರದಲ್ಲೇ ಇತ್ತು, ಹೋರಿ ಆಚೆ ನಿಂತು ನಡುಗುತ್ತಿತ್ತು, ಮೂತಿಯಿಂದ ರಕ್ತ ಇಳಿಯುತ್ತಿತ್ತು. ತಪ್ಪು ಪೂರ್ತಿ ನನ್ನದೇ. ಡಾಕ್ಟ್ರು ಬಂದು ಹೊಲಿಗೆ ಹಾಕಿದರು. ಅದರ ಮೇಲೆ ಆ ಹೋರಿಗೆ ಮತ್ತೆ ಮೂಗುದಾರ ಹಾಕಲಿಲ್ಲ, ಇದ್ದಷ್ಟು ದಿನವೂ ಮುಖದ ಹಗ್ಗದಲ್ಲೇ ನಡೆಯಿತು. ಯಾವುದನ್ನೇ ಆರಿಸಿಕೊಳ್ಳಿ, ಕಟ್ಟಿಹಾಕುವುದು ಕೊರಳ ಕಣ್ಣಿಯಿಂದ ಅಥವಾ ಮುಖದ ಹಗ್ಗದಿಂದ. ಮೂಗು ನಡೆಸಲಿಕ್ಕೆ, ಕಟ್ಟಲಿಕ್ಕಲ್ಲ.

ಮುಖದ ಹಗ್ಗ

ಡಾಕ್ಟ್ರು ಇದನ್ನು ಹಾಲ್ಟರ್ ಅಂತಾರೆ. ಮೂಗಿನ ದಿಂಡಿನ ಮೇಲೆ ಒಂದು ಸುತ್ತು, ಕೊಂಬಿನ ಹಿಂದೆ ಒಂದು ಸುತ್ತು, ಗದ್ದದ ಕೆಳಗಿಂದ ಎಳೆಯುವ ಹಗ್ಗ. ಚುಚ್ಚುವ ಮಾತೇ ಇಲ್ಲ. ಕರು ಮೂರು ನಾಲ್ಕು ತಿಂಗಳಾದಾಗಿಂದಲೇ ಹಾಕಿ ದಿನಾ ಹತ್ತು ನಿಮಿಷ ನಡೆಸಿದರೆ, ದೊಡ್ಡದಾದ ಮೇಲೂ ಹಗ್ಗ ಹಿಡಿದರೆ ಬರುತ್ತದೆ. ಆಗ ಅದಕ್ಕೆ ತನ್ನ ಬಲ ಎಷ್ಟು ಅಂತ ಗೊತ್ತಿರುವುದಿಲ್ಲ ನೋಡಿ.

ಅಕ್ಕನ ಮನೆಯ ಗಿಡ್ಡ ಹೋರಿಗಳಿಗೆ ಇಷ್ಟೇ ಸಾಕು. ನೂರು ನೂರೈವತ್ತು ಕೆಜಿಯ ಪ್ರಾಣಿ, ಹಗಲೆಲ್ಲ ಗುಡ್ಡ, ಕಾಫಿ ತೋಟದ ಅಂಚು, ಕಾಡು ಸುತ್ತಿ ಸಂಜೆಗೆ ತಾನೇ ಮನೆಗೆ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಪೊದೆಯಲ್ಲಿ ಮೇಯುವ ರಾಸಿಗೆ ಮೂಗಿನಲ್ಲಿ ಹಗ್ಗವೋ ರಿಂಗೋ ಇದ್ದರೆ ಕೊಂಬೆಗೆ, ತಂತಿ ಬೇಲಿಗೆ ಸಿಕ್ಕಿಕೊಳ್ಳುತ್ತದೆ. ಕಾಡೊಳಗೆ ಹಾಗೆ ಸಿಕ್ಕಿಕೊಂಡರೆ ಬಿಡಿಸುವವರು ಯಾರು? ಮೇಯಲು ಬಿಡುವಾಗ ಮುಖದ ಹಗ್ಗವನ್ನೂ ಕಳಚಿಬಿಡಿ.

ಅಜ್ಜಂಪುರದ ಅಮೃತಮಹಲ್ ಕೇಂದ್ರದ ಹರಾಜಿನಲ್ಲಿ ಹೋರಿಗರು ತರುವವರಿಗೂ ಇದೇ ಮಾತು. ಅಮೃತಮಹಲ್ ತಳಿ ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯಿಂದ (ಅರಮನೆಯ ದನಗಳ ಇಲಾಖೆಯಿಂದ) ಬಂದದ್ದು, ಟಿಪ್ಪು ಕಾಲದಲ್ಲಿ ಈ ಹೆಸರು ಪಡೆದದ್ದು, ದಂಡಿನ ಸಾಮಾನು ಎಳೆದದ್ದು. ಕಾವಲಿನಲ್ಲಿ (ಹುಲ್ಲುಗಾವಲಿನಲ್ಲಿ) ಮಂದೆಯಾಗಿ ಬೆಳೆದ ಈ ಕರುಗಳಿಗೆ ಮನುಷ್ಯರ ಕೈ ಬಳಕೆ ಕಡಿಮೆ, ರೋಷ ಜಾಸ್ತಿ. ತಂದ ವಾರವೇ ಮೂಗು ಚುಚ್ಚಿದರೆ ನಿಮ್ಮ ಕೈ ಅಂದರೆ ನೋವು ಅಂತಲೇ ಅದಕ್ಕೆ ಕೂತುಬಿಡುತ್ತದೆ. ಒಂದೆರಡು ತಿಂಗಳು ಮುಖದ ಹಗ್ಗ ಹಾಕಿ. ದಿನಾ ಬೂಸಾ ಕೈಯಲ್ಲೇ ಕೊಡಿ, ಗಂಗೆದೊಗಲು (ಕೊರಳ ಕೆಳಗೆ ಜೋಲುವ ಚರ್ಮ) ನೀವಿ. ಆಮೇಲೆ ಮುಂದಿನ ಯೋಚನೆ.

ಮುಖದ ಹಗ್ಗಕ್ಕೆ ಎರಡು ಕೊರತೆ. ಹೋರಿ ತಲೆ ಬಗ್ಗಿಸಿ ನುಗ್ಗಿದರೆ ಅದು ತಡೆಯುವುದಿಲ್ಲ, ಹಗ್ಗ ಹಿಡಿದವನನ್ನೇ ಎಳೆದುಕೊಂಡು ಹೋಗುತ್ತದೆ. ಇನ್ನೊಂದು, ಬೆಳೆಯುವ ಕರುವಿಗೆ ಹಾಕಿ ಮರೆತರೆ ಹಗ್ಗ ಮುಖದ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸಡಿಲ ಮಾಡಿ.

ಮೂಗುದಾರ

ಉಳುಮೆಯ ಜೊತೆಗೆ ಇದು ನಮ್ಮ ಹಿರಿಯರು ಕಂಡುಕೊಂಡ ದಾರಿ. ನೊಗ ಹೊತ್ತ ಎರಡು ಎತ್ತುಗಳನ್ನು ಹಿಂದೆ ನಿಂತು ನಡೆಸಬೇಕು. ಒಂದು ಕಡೆಯ ಹಗ್ಗ ಸ್ವಲ್ಪ ಜಗ್ಗಿದರೆ ಆ ಕಡೆ ತಿರುಗಬೇಕು. ಹಿಂದಿನಿಂದ ನಡೆಸುವ ಈ ಕೆಲಸಕ್ಕೆ ಮೂಗುದಾರದಷ್ಟು ನಯವಾದ್ದು ಬೇರೆ ಇಲ್ಲ. ರಿಂಗು ಮುಂದಿನಿಂದ ಕರೆದೊಯ್ಯಲು ಸರಿ. ನೇಗಿಲ ಮುಂದೆ ಅದು ತೂಗಾಡಿ ತೊಂದರೆ ಕೊಡುತ್ತದೆ.

ಹಳ್ಳಿಕಾರಿನ ಕೊಂಬೂ ಇದಕ್ಕೆ ಹೊಂದುತ್ತದೆ. ಮೂಗಿನಿಂದ ಎರಡೂ ಕೆನ್ನೆಯ ಮೇಲೆ ಹೋದ ಹಗ್ಗ ಕೊಂಬಿನ ಹಿಂದೆ ಗಂಟಾಗಿ ನಿಲ್ಲುತ್ತದೆ. ಕೊಂಬು ಸುಡಿಸಿದ ಎಚ್ಎಫ್, ಜೆರ್ಸಿ ಮಿಶ್ರ ತಳಿಗೆ ಅದೇ ಹಗ್ಗ ಕಟ್ಟಿ ನೋಡಿ, ತಲೆ ಕೊಡವಿದಾಗ ಕಿವಿ ದಾಟಿ ಜಾರುತ್ತದೆ. ಜಾರಬಾರದು ಅಂತ ಬಿಗಿ ಮಾಡಿದರೆ ಮೂಗು ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತದೆ, ಪಾಪ. ಅದಕ್ಕೇ ಕೊಂಬಿಲ್ಲದ ರಾಸಿಗೆ ಮೂಗುದಾರ ನಾನು ಹೇಳುವುದಿಲ್ಲ.

ಹಗ್ಗ ಯಾವುದು? ನೈಲಾನ್ ಬೇಡವೇ ಬೇಡ. ಕೊಳೆಯುವುದಿಲ್ಲ, ಅಗ್ಗ ಅಂತ ಹಾಕುತ್ತಾರೆ. ಆದರೆ ಅದು ಗರಗಸದ ಹಾಗೆ ತೂತನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಎರಡು ಮೂರು ವರ್ಷದಲ್ಲಿ ತೂತು ಉದ್ದವಾಗಿ ಮೂತಿಯ ತುದಿ ತಲುಪಿದ ಎತ್ತುಗಳನ್ನು ಯಾವ ಸಂತೆಯಲ್ಲಾದರೂ ನೋಡಬಹುದು. ಸೆಣಬು ಒರಟು. ಮೆತ್ತಗೆ ಹೊಸೆದ ಹತ್ತಿ ಹಗ್ಗ, ಕಿರುಬೆರಳಿಗಿಂತ ಸ್ವಲ್ಪ ಸಣ್ಣದು, ಅದೇ ಒಳ್ಳೆಯದು. ತೀರಾ ಸಣ್ಣ ಹಗ್ಗವೂ ಕೊಯ್ಯುತ್ತದೆ.

ಹತ್ತಿಯ ಕಷ್ಟ ಏನಂದರೆ ಸಿಂಬಳ, ಕಲಗಚ್ಚು, ಮಳೆ ನೀರು ಎಲ್ಲ ಹೀರಿ ಕಟ್ಟಿಗೆಯಂತೆ ಬಿರುಸಾಗುತ್ತದೆ. ವಾಸನೆ ಬರುತ್ತದೆ, ನೊಣ ಕೂರುತ್ತದೆ. ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು. ಅಪ್ಪ ಬದಲಾಯಿಸುವ ರೀತಿ ನೋಡಬೇಕು. ಹೊಸ ಹಗ್ಗದ ತುದಿಯ ಎಳೆಗಳನ್ನು ಬಿಡಿಸಿ ತೆಳ್ಳಗೆ ಮಾಡುತ್ತಾರೆ. ಹಳೆಯ ಹಗ್ಗವನ್ನು ಕೊಂಬಿನ ಹತ್ತಿರ ಕತ್ತರಿಸಿ, ಅದರ ತುದಿಗೆ ಹೊಸದರ ಎಳೆಯನ್ನು ಗಂಟಿಲ್ಲದೆ ನೂಲಿನಿಂದ ಸುತ್ತುತ್ತಾರೆ. ಮೇಲೆ ಬೆರಳಲ್ಲಿ ಕೊಬ್ಬರಿ ಎಣ್ಣೆ ಸವರುತ್ತಾರೆ. ಆಮೇಲೆ ಒಂದು ಕೈ ಎತ್ತಿನ ಹಣೆಯ ಮೇಲೆ, ಇನ್ನೊಂದು ಕೈಯಲ್ಲಿ ಹಳೆಯದನ್ನು ಮೆಲ್ಲಗೆ ಎಳೆಯುತ್ತಾ ಹೋದರೆ ಹೊಸದು ಅದರ ಹಿಂದೆಯೇ ಬರುತ್ತದೆ. ಎತ್ತಿಗೆ ಗೊತ್ತೇ ಆಗುವುದಿಲ್ಲ. ಗಂಟು ಹಾಕಿ ಎಳೆಯುವವರನ್ನು ಕಂಡರೆ ಅಪ್ಪನಿಗೆ ಕೋಪ ಬರುತ್ತದೆ. "ನಿನ್ನ ಮೂಗಲ್ಲಿ ಗಂಟು ಎಳೀಲೇನ್ಲಾ?"

ಕಟ್ಟಿದ ಮೇಲೆ ಕೆನ್ನೆ ಮತ್ತು ಹಗ್ಗದ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎತ್ತು ಗೊಂತಿಗೆ (ಮೇವು ಹಾಕುವ ಜಾಗಕ್ಕೆ) ತಲೆ ಬಗ್ಗಿಸಿ ಮೇಯುವಾಗಲೂ ಹಗ್ಗ ಮೂಗನ್ನು ಎಳೆಯಬಾರದು.

ರಿಂಗು

ಚಿಕ್ಕಪ್ಪನ ಮನೆಯ ಹೋರಿಗೆ ಹಾಕಿಸಿದ್ದು ಇದನ್ನೇ. ಬಲಿತ ಎಚ್ಎಫ್ ಹೋರಿ ಎಂಟುನೂರು, ಸಾವಿರ ಕೆಜಿ ತೂಗಬಲ್ಲದು. ಅದರ ಹತ್ತಿರ ಮುಖದ ಹಗ್ಗ ನಡೆಯುವುದಿಲ್ಲ, ಕೊಂಬಿಲ್ಲದ್ದರಿಂದ ಮೂಗುದಾರ ನಿಲ್ಲುವುದಿಲ್ಲ. ರಿಂಗಿನ ಒಳ್ಳೆಯ ಗುಣ ಏನಂದರೆ, ಯಾರೂ ಎಳೆಯದಿದ್ದಾಗ ಅದು ಸುಮ್ನೆ ಕೆಳಗೆ ತೂಗುತ್ತಿರುತ್ತದೆ, ಮೂಗಿಗೆ ಒತ್ತಡವಿಲ್ಲ. ಪದೇ ಪದೇ ಬದಲಾಯಿಸುವ ಕೆಲಸವೂ ಇಲ್ಲ.

ಆದರೆ ಹೋರಿಯನ್ನೇ ಸಾಕಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬರೀ ನಾಲ್ಕು ಹಸು ಗಬ್ಬ ಕಟ್ಟಿಸಲು ಅಂತಾದರೆ ಪಶು ಆಸ್ಪತ್ರೆಯ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಸಾಕು. ಅಷ್ಟಕ್ಕೆ ಮನೆಯಲ್ಲಿ ಭಾರೀ ಹೋರಿ ಇಟ್ಟುಕೊಂಡು ಹೆಂಗಸರು ಮಕ್ಕಳು ಕೊಟ್ಟಿಗೆಗೆ ಹೋಗಲು ಹೆದರುವುದು ಬೇಡ.

ಸಾಕುವುದೇ ಅಂತಾದರೆ ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ ಹಾಕಿಸಿ. ಆಗ ಪ್ರಾಣಿ ಇನ್ನೂ ಕೈಗೆ ಸಿಗುತ್ತದೆ. ಎಳೆಯದಕ್ಕೆ 2.5 ಇಂಚು, ಬಲಿತ ಮೇಲೆ 3 ಇಂಚು ಅಥವಾ ಸ್ವಲ್ಪ ದೊಡ್ಡದು. ರಿಂಗು ತೀರಾ ದೊಡ್ಡದಾದರೆ ಮೇಯುವಾಗ ಗೊಂತಿಗೆ ಬಡಿಯುತ್ತದೆ. ಚಿಕ್ಕದಾದರೆ ಮೂತಿ ಬೆಳೆದಂತೆ ಒತ್ತುತ್ತದೆ.

ಲೋಹದ ಮಾತಿಗೆ ಬಂದರೆ, ಕಬ್ಬಿಣ ಬೇಡ. ಮೂಗು ಸದಾ ಒದ್ದೆ, ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆ ಮೊದಲಿಂದ ನಡೆದು ಬಂದದ್ದು, ಚೆನ್ನಾಗಿಯೇ ಇರುತ್ತವೆ. ಅಲ್ಯೂಮಿನಿಯಂ ಹಗುರ, ಆದರೆ ಬೇಗ ಸವೆಯುತ್ತದೆ, ಎಳೆ ಹೋರಿಗೆ ಸರಿ. ಬಲಿತದ್ದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ. ಲೋಹಕ್ಕಿಂತ ಮುಖ್ಯ ಅದರ ನುಣುಪು ಮತ್ತು ದಪ್ಪ. ಸಣ್ಣ ಸರಳಿನ ರಿಂಗು ಹಗ್ಗದಂತೆಯೇ ಕೊಯ್ಯುತ್ತದೆ. ಊರ ವೆಲ್ಡಿಂಗ್ ಅಂಗಡಿಯಲ್ಲಿ ಕಂಬಿ ಬಗ್ಗಿಸಿ ಮಾಡಿಸಬೇಡಿ. ಪಶುವೈದ್ಯ ಸಾಮಾನಿನ ಅಂಗಡಿಯಲ್ಲೇ ತನ್ನಿ.

ಅಲ್ಲಿ ಎರಡು ತರ ಸಿಗುತ್ತವೆ. ಒಂದು, ತಾನೇ ಚುಚ್ಚಿಕೊಳ್ಳುವಂಥದ್ದು. ತುದಿ ಚೂಪಾಗಿರುತ್ತದೆ, ಒತ್ತಿದರೆ ಮೂಗು ತೂತಾಗಿ ರಿಂಗು ಕೂರುತ್ತದೆ. ಕೆಲಸ ಬೇಗ ಮುಗಿಯುತ್ತದೆ ನಿಜ. ಹೋರಿ ಆ ಕ್ಷಣದಲ್ಲಿ ತಲೆ ಒದರಿದರೆ ತೂತು ಎಲ್ಲೋ ಬೀಳುತ್ತದೆ, ಚರ್ಮ ಹರಿಯುತ್ತದೆ. ಇನ್ನೊಂದು ತರದಲ್ಲಿ ಮೊದಲು ಬೇರೆ ಸಲಕರಣೆಯಿಂದ ನೇರ ತೂತು ಮಾಡಿ, ಆಮೇಲೆ ಕೀಲಿನ ರಿಂಗನ್ನು ತೂರಿಸಿ ಸ್ಕ್ರೂ ಹಾಕುವುದು. ನನ್ನ ಮಾತು ಕೇಳಿದರೆ ಎರಡನೆಯದೇ ತೆಗೆದುಕೊಳ್ಳಿ.

ಇಕ್ಕಳದ ಹಾಗೆ ಹೊಳ್ಳೆಗೆ ಸಿಕ್ಕಿಸುವ ಸ್ಪ್ರಿಂಗ್ ಹಿಡಿಕೆಯೂ ಇದೆ, ತುದಿಯಲ್ಲಿ ಎರಡು ಗುಂಡು. ಔಷಧಿ ಕುಡಿಸುವಾಗ, ಇಂಜೆಕ್ಷನ್ ಮಾಡುವಾಗ ನಾಲ್ಕು ನಿಮಿಷಕ್ಕೆ ಅದು ಒಳ್ಳೆಯದು. ದಿನವಿಡೀ ಬಿಡುವ ವಸ್ತು ಅಲ್ಲ.

ಹಾಕಿಸುವ ದಿನ

ಇದನ್ನು ಡಾಕ್ಟ್ರ ಕೈಯಲ್ಲೇ ಮಾಡಿಸಿ. ಹಿಂದೆ ಊರಲ್ಲೊಬ್ಬರು ದಬ್ಬಣ ಕಾಯಿಸಿ ತಂದು, ನಾಲ್ಕು ಜನ ಕೆಡವಿ ಹಿಡಿದು ಚುಚ್ಚುತ್ತಿದ್ದರು. ಅದನ್ನು ನೋಡಿದವರಿಗೆ ಆ ಕೂಗು ಮರೆಯುವುದಿಲ್ಲ. ಈಗ ಮರಗಟ್ಟಿಸುವ ಇಂಜೆಕ್ಷನ್ ಇದೆ. ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೂಗುದಾರವನ್ನು ಅಪರಾಧದಿಂದ ಹೊರಗಿಟ್ಟಿರುವುದು ನಿಗದಿಯಾದ ರೀತಿಯಲ್ಲಿ ಮಾಡಿದರೆ ಮಾತ್ರ. ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಕಾಲ ನೋಡಿಕೊಳ್ಳಿ. ಮುಂಗಾರಿನಲ್ಲಿ ಬೇಡ, ಅದರಲ್ಲೂ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಗಾಯ ಒಣಗುವುದಿಲ್ಲ, ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ. ಡಿಸೆಂಬರ್, ಜನವರಿಯ ಒಣ ಚಳಿ ಒಳ್ಳೆಯದು. ಜ್ವರ ಇದ್ದರೆ, ಕಾಲುಬಾಯಿ ರೋಗದಿಂದ ಬಾಯಿ ಹುಣ್ಣಾಗಿದ್ದರೆ, ಚರ್ಮಗಂಟು ರೋಗದ ಗಂಟು ಮೂತಿಯಲ್ಲಿದ್ದರೆ ಪೂರ್ತಿ ವಾಸಿಯಾಗುವ ತನಕ ಮುಂದಕ್ಕೆ ಹಾಕಿ.

ಬೆಳಗಿನ ತಂಪಿನಲ್ಲಿ, ಟ್ರೆವಿಸ್ (ರಾಸು ಅಲುಗದಂತೆ ನಿಲ್ಲಿಸುವ ಚೌಕಟ್ಟು) ಒಳಗೆ ನಿಲ್ಲಿಸಿ, ಮುಖದ ಹಗ್ಗದಿಂದ ತಲೆಯನ್ನು ಸ್ವಲ್ಪ ಎತ್ತಿ ಕಂಬಕ್ಕೆ ಬಿಗಿಯಬೇಕು. ಒಂದೆಳೆದರೆ ಬಿಚ್ಚುವ ಗಂಟು ಹಾಕಿ. ಹೊಳ್ಳೆಯನ್ನು ಚೊಕ್ಕ ಮಾಡಿ, ಡಾಕ್ಟ್ರು ಇಂಜೆಕ್ಷನ್ ಕೊಟ್ಟ ಮೇಲೆ ಮರಗಟ್ಟುವ ತನಕ ಕಾಯಲೇಬೇಕು. ಆ ಹೊತ್ತಿನಲ್ಲಿ "ಬೇಗ ಆಗ್ಲಿ ಸಾರ್" ಅಂತ ಅವಸರ ಮಾಡುವವರನ್ನು ದೂರ ಕಳಿಸಿ. ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಅದೇ ಸಮಯದಲ್ಲಿ ಕೇಳಿಬಿಡಿ. ಒಂದು ಹೋರಿಗೆ ಬಳಸಿದ ಸಲಕರಣೆ ಕುದಿಸದೆ ಇನ್ನೊಂದಕ್ಕೆ ತಾಗಬಾರದು.

ರಿಂಗಿನ ಸ್ಕ್ರೂ ಅಕ್ಕಿ ಕಾಳಿನಷ್ಟು ಚಿಕ್ಕದು. ಚಿಕ್ಕಪ್ಪನ ಹೋರಿಗೆ ಹಾಕುವಾಗ ಅದು ಕೈ ಜಾರಿ ಸಗಣಿಗೆ ಬಿತ್ತು. ರಿಂಗು ಅರ್ಧ ಮೂಗಿನಲ್ಲಿ, ನಾವು ಮೂರು ಜನ ನೆಲ ಕೆದಕುತ್ತಾ ಕೂತೆವು. ಅಷ್ಟು ಹೊತ್ತೂ ಡಾಕ್ಟ್ರು ತೆರೆದ ರಿಂಗನ್ನು ಬೆರಳಲ್ಲಿ ಹಿಡಿದೇ ನಿಂತಿದ್ದರು. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ, ಇನ್ನೊಂದು ಸ್ಕ್ರೂ ಜೇಬಿನಲ್ಲಿಡಿ. ಸ್ಕ್ರೂ ಬಿಗಿಸಿ ಅದರ ತಲೆ ಮುರಿದ ಮೇಲೆ ಅಲ್ಲಿ ಉಳಿಯುವ ಚೂಪನ್ನು ಅರದಿಂದ ಉಜ್ಜಬೇಕು. ನುಣುಪಾಯ್ತಾ ಅಂತ ನೋಡಲು ಒಂದು ಹಿಡಿ ಹತ್ತಿಯನ್ನು ರಿಂಗಿನ ಸುತ್ತ ಒರೆಸಿ. ಒಂದು ಎಳೆ ಸಿಕ್ಕಿಕೊಂಡರೂ ಇನ್ನೂ ಉಜ್ಜಬೇಕು ಅಂತ ಅರ್ಥ.

ಆಮೇಲೆ ಎರಡು ವಾರ, ಮಾಯದಿದ್ದರೆ ಮೂರು ವಾರ, ಹಗ್ಗ ಸೇರಿಸುವ ಹಾಗಿಲ್ಲ. ಮುಖದ ಹಗ್ಗದಲ್ಲೇ ನಡೆಸಿ. ದಿನಾ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಹೊಳ್ಳೆ ತೊಳೆದು, ಡಾಕ್ಟ್ರು ಕೊಟ್ಟ ಮುಲಾಮು ಹಚ್ಚಿ. ಒಣಗಿದ ಹಕ್ಕಳೆಯನ್ನು ಕಿತ್ತು ರಿಂಗನ್ನು ತಿರುಗಿಸಬೇಡಿ. ನೊಣ ಬರದಂತೆ ಮೂತಿಯ ಸುತ್ತ ಬೇವಿನೆಣ್ಣೆ ಸವರಬಹುದು, ಗಾಯದೊಳಗೆ ಬೇಡ. ಕೆಟ್ಟ ವಾಸನೆ, ಕೀವು, ಊತ ಕಂಡರೆ ಅಥವಾ ಮೇವು ಬಿಟ್ಟರೆ ಕಾಯಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ವಿಚಾರಿಸಬಹುದು.

ರಿಂಗು ಹಾಕಿದ ಮೇಲೂ ಹೋರಿ ಹೋರಿಯೇ. ಕೈಯಲ್ಲೇ ಹಾಲು ಕುಡಿಸಿ ಸಾಕಿದ ಹೋರಿಯನ್ನಂತೂ ಜಾಸ್ತಿ ನಂಬಬೇಡಿ, ಅದಕ್ಕೆ ಮನುಷ್ಯರ ಭಯವೇ ಇರುವುದಿಲ್ಲ. ಆಚೆ ತರುವಾಗ ಇಬ್ಬರಿರಿ. ಒಬ್ಬರ ಕೈಯಲ್ಲಿ ಮುಖದ ಹಗ್ಗ, ಇನ್ನೊಬ್ಬರ ಕೈಯಲ್ಲಿ ರಿಂಗಿಗೆ ಸಿಕ್ಕಿಸುವ ಕೊಕ್ಕೆಯ ಉದ್ದ ಕೋಲು. ಕೋಲು ಇದ್ದರೆ ಹೋರಿಗೆ ಸುಲಭವಾಗಿ ಮೈಮೇಲೆ ಬರಲಾಗುವುದಿಲ್ಲ, ಬರೀ ಹಗ್ಗ ಇದ್ದರೆ ಬರುತ್ತದೆ. ಬೆನ್ನು ಕೊಟ್ಟು ನಡೆಯಬೇಡಿ. ಆರು ತಿಂಗಳಿಗೊಮ್ಮೆ ಸ್ಕ್ರೂ, ಕೀಲು ಸಡಿಲ ಆಗಿದೆಯಾ ಅಂತ ಮುಟ್ಟಿ ನೋಡಿ.

ನಮ್ಮ ಮನೆಯ ಎಳೆ ಜೊತೆ ಈಗ ಹಾಲುಹಲ್ಲಿನಲ್ಲಿವೆ. ಎಡದ್ದು ಮುಖದ ಹಗ್ಗದಲ್ಲೇ ಗಾಡಿಗೆ ಹೊಂದಿಕೊಳ್ಳುತ್ತಿದೆ, ಅದರ ಮೂಗು ಚುಚ್ಚಿಸದೆಯೇ ನಡೆಯುತ್ತೇನೋ ನೋಡೋಣ ಅಂತ ಅಪ್ಪನೇ ಹೇಳಿದ್ದಾರೆ. ಬಲದ್ದು ತುಂಬಾ ತುಡುಗು. ಅದಕ್ಕೆ ಸಂಕ್ರಾಂತಿ ಕಳೆದ ಮೇಲೆ ಮೂಗುದಾರ, ಡಾಕ್ಟ್ರಿಗೆ ಈಗಲೇ ಹೇಳಿಟ್ಟಿದ್ದೇನೆ. ಹತ್ತಿ ಹಗ್ಗ ಹೊಸೆದು ಅಟ್ಟದ ಮೇಲಿದೆ.